ಕೋರ್ಟಿನ ಅಂಗಳದಲ್ಲಿ ಯಾರ ನೆನಪು?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಗ್ರಹಾಂ ಎಂಬ ಪುಟ್ಟ ಪಟ್ಟಣವಿದೆ. ಅಲಮಾನ್ಸ್ ಕೌಂಟಿಯ ಕೋರ್ಟು ಇರುವುದು ಅಲ್ಲಿ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳ ಪರವಾಗಿ ಹೋರಾಡಿದ ಸ್ಥಳೀಯರ ನೆನಪಿಗೆಂದು 1914ರಲ್ಲಿ ಕೋರ್ಟಿನ ಎದುರಿಗೇ ಒಂದು ಸ್ಮಾರಕ ನಿಂತಿತು. ಎತ್ತರದ ಕಂಬ, ಅದರ ತುದಿಯಲ್ಲಿ ಬಂದೂಕು ಹಿಡಿದ ಸೈನಿಕ. ದಕ್ಷಿಣ ರಾಜ್ಯಗಳ ಊರೂರಿನ ಕೋರ್ಟುಗಳ ಮುಂದೆ ಇಂಥ ಸೈನಿಕರು ನಿಂತಿದ್ದರು. ಅವರು ಅಲ್ಲಿ ಇರಬೇಕೇ ಎಂಬ ವಾದ ಈಗಲೂ ಮುಗಿದಿಲ್ಲ.

ಸತ್ತವರನ್ನು ನೆನೆಯುವುದು ತಪ್ಪಲ್ಲ. ಆ ಯುದ್ಧ ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ನುಂಗಿತು. ಗುಂಡಿಗಿಂತ ಹೆಚ್ಚು ಮಂದಿಯನ್ನು ಕೊಂದದ್ದು ಭೇದಿ, ಟೈಫಾಯಿಡ್‌ನಂಥ ರೋಗಗಳು. ದಕ್ಷಿಣದ ಸರ್ಕಾರ 1862ರಲ್ಲಿ ಸೇನಾ ಸೇವೆಯನ್ನು ಕಡ್ಡಾಯ ಮಾಡಿದಾಗ ಒಬ್ಬ ಗುಲಾಮನೂ ಇಲ್ಲದ ಬಡ ರೈತರ ಮಕ್ಕಳು ಹೊರಡಬೇಕಾಯಿತು. ಆದರೆ ಇಪ್ಪತ್ತು ಗುಲಾಮರಿದ್ದ ತೋಟಕ್ಕೆ ವಿನಾಯಿತಿ ಸಿಕ್ಕಿತು. ಎಷ್ಟೋ ಮನೆಗಳಿಗೆ ಮಗನ ಹೆಣವೂ ಬರಲಿಲ್ಲ. ಅಂಥ ತಾಯಿಯ ಸಂಕಟವನ್ನು ಅಲ್ಲಗಳೆಯಲು ಯಾರಿಗೂ ಹಕ್ಕಿಲ್ಲ.

ಆದರೆ ಆ ಸಂಕಟಕ್ಕೆ ಸ್ಮಶಾನವಿದೆ. ಯುದ್ಧ ಮುಗಿದ ಹೊಸತರಲ್ಲಿ ಸ್ಮಾರಕಗಳು ಹೆಚ್ಚಾಗಿ ಎದ್ದದ್ದೂ ಅಲ್ಲಿಯೇ. ಅವು ಕೋರ್ಟಿನ ಅಂಗಳಗಳಿಗೆ ಸಾಲುಸಾಲಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ನಾರ್ತ್ ಕ್ಯಾರೊಲಿನಾ 1900ರಲ್ಲಿ ಸಂವಿಧಾನ ತಿದ್ದಿ, ಅಕ್ಷರ ಪರೀಕ್ಷೆ ಮತ್ತು ತಲೆಗಂದಾಯದ ನೆಪದಲ್ಲಿ ಕರಿಯರ ಮತ ಕಸಿದುಕೊಂಡಿತ್ತು. ಗ್ರಹಾಂನ ಸೈನಿಕ ಕಂಬವೇರಿದ್ದು ಅದಾದ ಮೇಲೆ.

ಆ ಅಂಗಳಕ್ಕೆ ಇನ್ನೊಂದು ನೆನಪೂ ಇದೆ. ವ್ಯಾಟ್ ಔಟ್‌ಲಾ ಎಂಬ ಕರಿಯ ಬಡಗಿ ಯುದ್ಧಾನಂತರ ಅದೇ ಪಟ್ಟಣದ ಕಮಿಷನರ್ ಆಗಿ, ಕಾನ್‌ಸ್ಟೆಬಲ್ ಆಗಿ ದುಡಿದ. 1870ರ ಫೆಬ್ರವರಿ 26ರ ರಾತ್ರಿ ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿದಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ರಹಸ್ಯ ಸಂಘಟನೆಯ ಗುಂಪು ಅವನನ್ನು ಮನೆಯಿಂದ ಎಳೆದೊಯ್ದು ಕೋರ್ಟಿನ ಬಳಿಯ ಎಲ್ಮ್ ಮರಕ್ಕೆ ನೇಣು ಹಾಕಿತು. ಮುಂದೆ ಆರೋಪಪಟ್ಟಿ ತಯಾರಾಯಿತು. ಅಷ್ಟರಲ್ಲಿ ಶಾಸನಸಭೆ ಆರೋಪಿಗಳಿಗೆ ಕ್ಷಮಾದಾನದ ದಾರಿ ಮಾಡಿಕೊಟ್ಟಿತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಆ ಪಟ್ಟಿಯಲ್ಲಿ ಹೆಸರಿದ್ದ ಜೇಕಬ್ ಲಾಂಗ್ 1914ರ ಅನಾವರಣ ಸಮಾರಂಭದ ಭಾಷಣಕಾರರಲ್ಲಿ ಒಬ್ಬ. ನ್ಯಾಯ ಸಿಗದ ಜಾಗದಲ್ಲೇ ಆರೋಪಿಗೆ ವೇದಿಕೆ ಸಿಕ್ಕಿತು.

ಇಷ್ಟು ತಿಳಿದ ಮೇಲೆ ಆ ಕಲ್ಲನ್ನು ಬರೀ ಶೋಕದ ಗುರುತೆಂದು ನೋಡಲು ನನಗೆ ಸಾಧ್ಯವಿಲ್ಲ. ಸ್ಮಾರಕದ ಅರ್ಥ ಅದರ ಮೇಲಿನ ಬರಹದಲ್ಲಷ್ಟೇ ಇರುವುದಿಲ್ಲ, ಅದು ನಿಂತ ಜಾಗದಲ್ಲೂ ಇರುತ್ತದೆ. ಗೋರಿಯ ಪಕ್ಕದ ಸೈನಿಕ ಸತ್ತವರ ಪರ ನಿಂತವನು. ಕೋರ್ಟಿನ ಬಾಗಿಲಲ್ಲಿ ನಿಂತವನು ಸರ್ಕಾರದ ಪರ ಮಾತಾಡುತ್ತಾನೆ. ಸಮನ್ಸ್ ಹಿಡಿದು ಬರುವ ಕರಿಯ ಮಹಿಳೆ ತನ್ನ ಹಿರಿಯರನ್ನು ಗುಲಾಮಗಿರಿಯಲ್ಲೇ ಉಳಿಸಲು ಹೋರಾಡಿದ ಸೇನೆಯ ಗೌರವಸ್ತಂಭವನ್ನು ದಾಟಿಯೇ ಒಳಗೆ ಹೋಗಬೇಕು.

ತೆಗೆದರೆ ಇತಿಹಾಸ ಅಳಿಸಿಹೋಗುತ್ತದೆ ಎನ್ನುವವರಿದ್ದಾರೆ. ಇಂಥ ಸ್ಮಾರಕಗಳ ಸ್ಥಳಾಂತರವನ್ನು ಕಠಿಣಗೊಳಿಸುವ ಕಾನೂನೊಂದನ್ನು ನಾರ್ತ್ ಕ್ಯಾರೊಲಿನಾ 2015ರಲ್ಲಿ ಮಾಡಿತು. ಆದರೆ ಮೌನವೂ ಇತಿಹಾಸವನ್ನು ಅಳಿಸುತ್ತದೆ. ಆ ಕಂಬ ನೂರು ವರ್ಷ ನಿಂತರೂ ದಾರಿಹೋಕರಿಗೆ ಔಟ್‌ಲಾ ಯಾರೆಂದು ಹೇಳಲಿಲ್ಲ.

ಟೆನೆಸಿಯ ಫ್ರಾಂಕ್ಲಿನ್ ಪಟ್ಟಣ ಬೇರೆ ದಾರಿ ಹಿಡಿಯಿತು. ಚೌಕದ ನಡುವೆ 1899ರ ದಕ್ಷಿಣದ ಸೈನಿಕ ಹಾಗೇ ಉಳಿದ. 2021ರಲ್ಲಿ ಹಳೆಯ ಕೋರ್ಟಿನ ಮುಂದೆ ಉತ್ತರದ ಸೇನೆ ಸೇರಿದ ಕರಿಯ ಸೈನಿಕನ ಕಂಚಿನ ಪ್ರತಿಮೆ ಬಂತು. ಅವನ ಕಾಲಬಳಿ ಮುರಿದ ಸಂಕೋಲೆ ಬಿದ್ದಿದೆ. ಅಂಥ ಸುಮಾರು 1,80,000 ಮಂದಿ ಉತ್ತರದ ಸೇನೆಯಲ್ಲಿ ಹೋರಾಡಿದ್ದರು. ಇದು ಒಳ್ಳೆಯ ಹೆಜ್ಜೆ. ಆದರೂ ನನ್ನ ಅಭಿಪ್ರಾಯದಲ್ಲಿ ಕೋರ್ಟಿನ ಬಾಗಿಲಿಗೆ ಇದೂ ಸಾಲದು. ಊರಿನ ಚೌಕದಲ್ಲಿ ಎರಡು ನೆನಪುಗಳು ಎದುರುಬದುರು ನಿಲ್ಲಬಹುದು. ನ್ಯಾಯ ಕೇಳುವ ಕಟ್ಟಡಕ್ಕೆ ಪಕ್ಷವೇ ಇರಬಾರದು.

ಗ್ರಹಾಂನ ಸೈನಿಕ ತನ್ನ ಜೊತೆಗಾರರು ಮಲಗಿರುವ ಸ್ಮಶಾನಕ್ಕೆ ಹೋಗಲಿ. ಅವರ ಮನೆಯವರು ಅಲ್ಲಿ ಹೂವಿಡಲಿ. ಕೋರ್ಟಿನ ಅಂಗಳದಲ್ಲಿ ಯಾವುದಾದರೂ ಹೆಸರು ಉಳಿಯಬೇಕೆಂದರೆ, ಆ ಕೋರ್ಟು ನ್ಯಾಯ ಕೊಡಲಾಗದೆ ಹೋದವನ ಹೆಸರು ಉಳಿಯಲಿ.