ಖಾಲಿ ಸೀಟಿನ ನಷ್ಟ ಯಾರದು?

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಮಗಳನ್ನು ಕಾಣಲು ಹೋದಾಗ, ಷಿಕಾಗೋದಿಂದ ಅವಳ ಊರಿಗೆ ಐವತ್ತು ಆಸನಗಳ ಪುಟ್ಟ ವಿಮಾನ ಹಿಡಿಯಬೇಕಿತ್ತು. ಟಿಕೆಟ್ ಹೆಸರಾಂತ ಸಂಸ್ಥೆಯೊಂದರದು. ವಿಮಾನದ ಮೇಲಿನ ಬಣ್ಣವೂ ಅದರದೇ. ಹಾರಾಟ ರದ್ದಾಗಿ ರಾತ್ರಿಯೆಲ್ಲ ನಿಲ್ದಾಣದಲ್ಲಿ ಕುಳಿತಾಗಲೇ ನಾನು ಟಿಕೆಟ್‌ನ ಸಣ್ಣ ಅಕ್ಷರಗಳನ್ನು ಓದಿದ್ದು. ವಿಮಾನ ನಡೆಸುವ ಕಂಪನಿ ಬೇರೆ. ಅದರ ಹೆಸರನ್ನು ನಾನು ಕೇಳಿಯೂ ಇರಲಿಲ್ಲ. ಹಾಗಾದರೆ ನಾನು ಕೊಟ್ಟ ಹಣ ಯಾರ ಕೈ ಸೇರಿತು? ನನ್ನ ಹೊಣೆ ಹೊತ್ತವರು ಯಾರು?

ಅಮೆರಿಕದಲ್ಲಿ ಯುನೈಟೆಡ್ ಎಕ್ಸ್‌ಪ್ರೆಸ್, ಡೆಲ್ಟಾ ಕನೆಕ್ಷನ್, ಅಮೆರಿಕನ್ ಈಗಲ್ ಎಂಬವು ಬರೀ ನಾಮಫಲಕಗಳು. ಅವುಗಳ ಹಿಂದೆ ಹಾರಾಟ ನಡೆಸುವವು ಪ್ರಾದೇಶಿಕ ಕಂಪನಿಗಳು. ಸ್ಕೈವೆಸ್ಟ್ ಎಂಬ ಒಂದೇ ಕಂಪನಿ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ಈ ನಾಲ್ಕೂ ಸಂಸ್ಥೆಗಳ ಪರವಾಗಿ ಹಾರುತ್ತದೆ. ಬೆಂಗಳೂರಿಗರಿಗೆ ಈ ಏರ್ಪಾಟು ಅಪರಿಚಿತವೇನಲ್ಲ. ಬಿಎಂಟಿಸಿಯ ಗುತ್ತಿಗೆ ವಿದ್ಯುತ್ ಬಸ್ಸುಗಳಲ್ಲಿ ಬಸ್ಸು, ಚಾಲಕರು ಖಾಸಗಿ ಕಂಪನಿಯವರು. ಟಿಕೆಟ್ ಹಣ ನಿಗಮದ್ದು. ಕಂಪನಿಗೆ ಸಿಗುವುದು ಕಿಲೋಮೀಟರಿಗೆ ಇಂತಿಷ್ಟೆಂಬ ದರ. ವಿಮಾನದಲ್ಲೂ ಹಾಗೆಯೇ. ದೊಡ್ಡ ಸಂಸ್ಥೆ ಮಾರ್ಗ, ವೇಳೆ, ದರಗಳನ್ನು ನಿರ್ಧರಿಸಿ ಟಿಕೆಟ್ ಮಾರುತ್ತದೆ. ಸಾಮಾನ್ಯವಾಗಿ ಇಂಧನದ ವೆಚ್ಚವನ್ನೂ ಹೊರುತ್ತದೆ. ಸಣ್ಣ ಕಂಪನಿಗೆ ಹಾರಾಟಕ್ಕಿಷ್ಟು, ಗಂಟೆಗಿಷ್ಟು ಎಂಬ ಶುಲ್ಕ ಸಲ್ಲುತ್ತದೆ. ಸೀಟು ಖಾಲಿಯಾದರೆ ನಷ್ಟ ದೊಡ್ಡ ಸಂಸ್ಥೆಯದು. ತುಂಬಿದರೆ ಲಾಭವೂ ಅದರದೇ. ಟಿಕೆಟ್ ಹಣವನ್ನು ಇಬ್ಬರೂ ಹಂಚಿಕೊಳ್ಳುವ ಒಪ್ಪಂದಗಳೂ ಇವೆಯಾದರೂ ಅವುಗಳ ಪಾಲು ಚಿಕ್ಕದು.

ನಷ್ಟದ ಭಯವಿದ್ದೂ ದೊಡ್ಡವರು ಇದಕ್ಕೆ ಕೈಹಾಕುವುದೇಕೆ? ಸಣ್ಣ ಊರಿನಿಂದ ಷಿಕಾಗೋಗೆ ಬಂದಿಳಿದವರು ಅಲ್ಲಿಂದ ಲಂಡನ್ನಿಗೋ ಟೋಕಿಯೋಗೋ ಅದೇ ಸಂಸ್ಥೆಯ ದೊಡ್ಡ ವಿಮಾನ ಹತ್ತುತ್ತಾರೆ. ನಿಜವಾದ ಗಳಿಕೆ ಇರುವುದು ಆ ಮುಂದಿನ ಪಯಣದಲ್ಲಿ. ಪುಟ್ಟ ವಿಮಾನ ನದಿಗೆ ನೀರುಣಿಸುವ ಹಳ್ಳದಂತೆ. ಹಳ್ಳದ ಲೆಕ್ಕವನ್ನು ಪ್ರತ್ಯೇಕವಾಗಿ ಇಟ್ಟರೆ ಅದು ನಷ್ಟದಂತೆ ಕಂಡೀತು. ಎರಡನೆಯ ಕಾರಣ ವೇತನ. ಪ್ರಾದೇಶಿಕ ಪೈಲಟ್‌ಗಳ ಸಂಬಳ ದೀರ್ಘಕಾಲ ತೀರಾ ಕಡಿಮೆಯಿತ್ತು. ಕೆಲಸವೆಲ್ಲ ಅತ್ತ ಜಾರದಿರಲೆಂದೇ ದೊಡ್ಡ ಸಂಸ್ಥೆಗಳ ಪೈಲಟ್ ಸಂಘಗಳು ಗುತ್ತಿಗೆ ವಿಮಾನಗಳ ಗಾತ್ರಕ್ಕೆ 76 ಆಸನಗಳ ಮಿತಿ ಹಾಕಿಸಿವೆ.

ಈ ಜಾಣ ಏರ್ಪಾಟಿನ ಬೆಲೆ ಕಂಡದ್ದು 2009ರ ಫೆಬ್ರುವರಿ 12ರಂದು. ಕಾಂಟಿನೆಂಟಲ್ ಕನೆಕ್ಷನ್ ಹೆಸರಿನಲ್ಲಿ ಕೋಲ್ಗನ್ ಏರ್ ನಡೆಸುತ್ತಿದ್ದ ವಿಮಾನ ಬಫಲೋ ಬಳಿ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ಎಚ್ಚರಿಕೆಯ ಸಂಕೇತಕ್ಕೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಸಹ ಪೈಲಟ್ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರೆಂಬುದೂ ಬಯಲಾಯಿತು. ಸತ್ತವರ ಕುಟುಂಬಗಳ ಹೋರಾಟದಿಂದ 2010ರಲ್ಲಿ ಹೊಸ ಕಾನೂನು ಬಂತು. ಸಹ ಪೈಲಟ್‌ಗೂ, ಕೆಲವು ವಿನಾಯಿತಿಗಳೊಂದಿಗೆ, 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು. ಟಿಕೆಟ್ ಮಾರುವ ಜಾಲತಾಣವು ವಿಮಾನ ನಡೆಸುವವರ ಹೆಸರನ್ನು ಮೊದಲಿಗೇ ತಿಳಿಸಬೇಕೆಂದಾಯಿತು. ಲಾಭವನ್ನು ಒಪ್ಪಂದದಲ್ಲಿ ಮೊದಲೇ ಬರೆದಿಟ್ಟವರಿಗೆ ಹೊಣೆಯನ್ನು ಬರೆಯಲು ಇಷ್ಟು ಸಾವು ಬೇಕಾಯಿತು.

ಸಣ್ಣ ಊರುಗಳ ಪಾಡೂ ಇದಕ್ಕೇ ಗಂಟುಬಿದ್ದಿದೆ. ವಿಮಾನಯಾನದ ಮೇಲಿನ ನಿಯಂತ್ರಣವನ್ನು 1978ರಲ್ಲಿ ಸಡಿಲಿಸಿದಾಗ, ಇಂಥ ಊರುಗಳು ಅನಾಥವಾಗದಿರಲೆಂದು ಅಮೆರಿಕ ಸರ್ಕಾರ ಸಹಾಯಧನ ಆರಂಭಿಸಿತು. ಆದರೂ 2022ರ ಮಾರ್ಚಿನಲ್ಲಿ, ಪೈಲಟ್‌ಗಳ ಕೊರತೆಯ ಕಾರಣ ನೀಡಿ, ಸಹಾಯಧನದ 29 ಊರುಗಳಿಂದ ಹೊರಬರುವುದಾಗಿ ಸ್ಕೈವೆಸ್ಟ್ ನೋಟಿಸ್ ಕೊಟ್ಟಿತು. ಪೈಲಟ್‌ಗಳನ್ನು ಸೆಳೆದುಕೊಂಡಿದ್ದವರಲ್ಲಿ ಪಾಲುದಾರ ದೊಡ್ಡ ಸಂಸ್ಥೆಗಳೂ ಇದ್ದವು ಎಂಬುದು ಇಲ್ಲಿನ ವ್ಯಂಗ್ಯ. ಬದಲಿ ವ್ಯವಸ್ಥೆ ಆಗುವವರೆಗೆ ಹಾರಾಟ ಮುಂದುವರಿಸಿರೆಂದು ಸರ್ಕಾರ ಆದೇಶಿಸಬೇಕಾಯಿತು.

ಅಮೆರಿಕದ ಈ ಗುತ್ತಿಗೆ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆಯಲ್ಲಿ ನಷ್ಟದ ಒಂದು ಭಾಗವನ್ನು ಸರ್ಕಾರ ನಿಗದಿತ ಅವಧಿಯವರೆಗೆ ತುಂಬಿಕೊಡುತ್ತದೆ. ಅವಧಿ ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. 2020ರಲ್ಲಿ ಆರಂಭವಾದ ಬೀದರ್‌ನ ವಿಮಾನ ಸೇವೆ ನಿಂತು, ಮತ್ತೆ ಶುರುವಾದ ಕಥೆ ಆ ಭಾಗದವರಿಗೆಲ್ಲ ಗೊತ್ತು. ಹಳ್ಳವನ್ನು ನದಿಗೆ ಜೋಡಿಸದೆ ಬರೀ ಟ್ಯಾಂಕರಿನಿಂದ ನೀರು ಸುರಿದರೆ ಅದು ಎಷ್ಟು ದಿನ ಹರಿದೀತು?

ಬೀದರ್, ಕಲಬುರಗಿಗಳ ಪ್ರಯಾಣಿಕ ಒಂದೇ ಟಿಕೆಟ್ಟಿನಲ್ಲಿ ದೂರದ ಊರು ತಲುಪುವಂತಾಗಲು ದೊಡ್ಡ ಸಂಸ್ಥೆಗಳು ಪ್ರಾದೇಶಿಕ ಕಂಪನಿಗಳೊಡನೆ ಕೈಜೋಡಿಸಲೇಬೇಕು. ಆದರೆ ಹಾಗೆ ಕೈಜೋಡಿಸುವ ದಿನವೇ ಮೂರು ಮಾತುಗಳು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ: ಖಾಲಿ ಸೀಟಿನ ನಷ್ಟ ಯಾರದು, ದಣಿದ ಪೈಲಟ್‌ಗೆ ಉತ್ತರಿಸುವವರು ಯಾರು, ರದ್ದಾದ ಹಾರಾಟದ ರಾತ್ರಿ ಪ್ರಯಾಣಿಕ ಯಾರ ಬಾಗಿಲು ಬಡಿಯಬೇಕು. ಸಣ್ಣ ಅಕ್ಷರಗಳಲ್ಲಲ್ಲ, ಟಿಕೆಟ್‌ನ ನೆತ್ತಿಯ ಮೇಲೆ.