ಗಾರ್ನಿಶ್ ಅಂದ್ರೆ ಬರೀ ಕೊತ್ತಂಬರಿ ಸೊಪ್ಪಲ್ಲ!

ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಉದುರಿಸಿದರೆ ಅದಕ್ಕೆ 'ಗಾರ್ನಿಶ್' ಅನ್ನಬೇಕು ಅಂತ ಟಿವಿಯ ಅಡುಗೆ ಕಾರ್ಯಕ್ರಮಗಳು ನಮ್ಮ ಮನೆಯಲ್ಲೂ ಕಲಿಸಿಬಿಟ್ಟಿವೆ. ನನಗೆ ಮಾತ್ರ ಆ ಪದ ಕೇಳಿದರೆ ಕೋರ್ಟಿನ ಲಕೋಟೆ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ಮುಂಬೈಯ ನಮ್ಮ ಬ್ರಾಂಚಿಗೆ ಒಂದು 'ಗಾರ್ನಿಶೀ ಆರ್ಡರ್' ಬಂತು. ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರ ಖಾತೆಯ ಮೇಲೆ. ಹಳೇ ಬಾಕಿಯೊಂದಕ್ಕೆ ಅವರ ವಿರುದ್ಧ ಡಿಕ್ರಿ ಆಗಿತ್ತು. ನಾವು ಖಾತೆ ತಡೆಹಿಡಿದೆವು, ಪತ್ರವನ್ನು ಅಂಚೆಗೆ ಹಾಕಿ ಸುಮ್ಮನಾದೆವು. ಹುಡುಗರ ಸಂಬಳದ ಚೆಕ್ಕುಗಳು ವಾಪಸಾದಾಗಲೇ ಅವರಿಗೆ ವಿಷಯ ಗೊತ್ತಾಗಿದ್ದು. ಓಡಿ ಬಂದರು. "ಗಾರ್ನಿಶ್ ನಾನು ದಿನಾ ಮಾಡ್ತೇನೆ ಸಾರ್, ಇದೆಂಥದ್ದು?" ಅಂದರು. ನಗು ಬರಲಿಲ್ಲ.

ಅವತ್ತು ರಾತ್ರಿ ನಿಘಂಟು ತೆಗೆದೆ. ಹಳೆಯ ಫ್ರೆಂಚಿನ 'ಗಾರ್ನಿರ್' ಎಂಬ ಕ್ರಿಯಾಪದ ಇದರ ಮೂಲ. ಅದಕ್ಕೆ ಸಜ್ಜುಗೊಳಿಸು, ಎಚ್ಚರಿಸು ಅಂತ ಎರಡೂ ಅರ್ಥ. ಇಂಗ್ಲಿಷಿನ 'ವಾರ್ನ್' ಇದರ ದಾಯಾದಿ, 'ಗಾರ್ಮೆಂಟ್' ಇದೇ ಮನೆಯ ಕೂಸು. ಸಜ್ಜುಗೊಳಿಸು ಎಂಬುದು ಅಲಂಕರಿಸು ಎಂದಾಗಿ ಕೊನೆಗೆ ಊಟದ ತಟ್ಟೆಗೆ ಬಂತು. ಎಚ್ಚರಿಸು ಎಂಬುದು ಕೋರ್ಟಿಗೆ ಹೋಯಿತು. "ಸಾಲಗಾರನ ಹಣ ನಿನ್ನ ಕೈಯಲ್ಲಿದೆ, ಅವನಿಗೆ ಕೊಡಬೇಡ" ಎಂಬ ಎಚ್ಚರಿಕೆ. ಅದನ್ನು ಪಡೆದವನೇ ಗಾರ್ನಿಶೀ, ಅಂದರೆ ಇಲ್ಲಿ ಬ್ಯಾಂಕು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಲ್ಲಿ ಇದಕ್ಕೆಂದೇ ನಿಯಮಗಳು ಸೇರಿದವು.

ನನ್ನ ತಕರಾರು ಇಷ್ಟೇ. ಪದದ ಅರ್ಥವೇ ಎಚ್ಚರಿಸು ಅಂತ. ಆದರೆ ಎಚ್ಚರಿಕೆ ಬ್ಯಾಂಕಿಗೆ ಮೊದಲು, ಹಣದ ಒಡೆಯನಿಗೆ ಕೊನೆಗೆ! ಆರ್ಡರ್ ಕೈಗೆ ಬಂದ ಕೂಡಲೇ ಖಾತೆ ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತಡೆದ ಮೇಲೆ ಅವತ್ತೇ ಒಂದು ಫೋನ್ ಮಾಡಿ, ಗ್ರಾಹಕರ ಭಾಷೆಯಲ್ಲಿ ಹೇಳುವುದಕ್ಕೆ ಯಾವ ಕಾನೂನು ಅಡ್ಡ ಬರುತ್ತದೆ? ಸಾಮಾನ್ಯವಾಗಿ ಇಂಥ ಆರ್ಡರ್ ಹಿಡಿಯುವುದು ಅದು ತಲುಪಿದ ಹೊತ್ತಿಗೆ ಇದ್ದ ಬಾಕಿಯನ್ನು. ಆಮೇಲೆ ಜಮಾ ಆಗುವ ಹಣಕ್ಕೆ ಬೇರೆ ಖಾತೆ ತೆರೆಯಬಹುದು. ಇದನ್ನು ಮೊದಲ ದಿನವೇ ಹೇಳಿದ್ದರೆ ಆ ಹುಡುಗರ ಸಂಬಳ ತಡವಾಗುತ್ತಿರಲಿಲ್ಲ. ಹೇಳದೇ ಇದ್ದವರಲ್ಲಿ ನಾನೂ ಒಬ್ಬ. ಅಂದಿನಿಂದ ಮೊದಲು ಫೋನ್, ಆಮೇಲೆ ಪತ್ರ.

ಕೊನೆ ಕೊಸರು: "ಖಾತೆ ಜಪ್ತಿಯಾಗಿದೆ" ಅಂದಿದ್ದರೆ ಅವರಿಗೆ ಒಂದೇ ಮಾತಿಗೆ ಅರ್ಥವಾಗುತ್ತಿತ್ತು. ಇಷ್ಟು ಒಳ್ಳೆಯ ಪದ ಇಟ್ಟುಕೊಂಡು ನಾವ್ಯಾಕೆ ಕೊತ್ತಂಬರಿ ಉದುರಿಸುತ್ತೇವೋ!