ಬಂದರಿಲ್ಲದ ನಾಡಿನ ಸುಂಕದ ಹಕ್ಕೊತ್ತಾಯ

1927ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಸರ್ ಹಾರ್ಕೋರ್ಟ್ ಬಟ್ಲರ್ ಅಧ್ಯಕ್ಷತೆಯಲ್ಲಿ ದೇಶೀ ಸಂಸ್ಥಾನಗಳ ಸಮಿತಿ ನೇಮಿಸಿತು. ಸಂಸ್ಥಾನಗಳ ಜೊತೆಗಿನ ಹಣಕಾಸಿನ ವ್ಯವಹಾರವೂ ಅದರ ಮುಂದಿತ್ತು. ಅನೇಕ ಅರಸರ ಪರವಾಗಿ ಸರ್ ಲೆಸ್ಲಿ ಸ್ಕಾಟ್ ವಾದಿಸಿದರು. ಪ್ರಜೆಗಳ ಪ್ರತಿನಿಧಿಗಳನ್ನು ಮಾತ್ರ ಸಮಿತಿ ಕರೆದು ಕೇಳಲಿಲ್ಲ. ಕೇಳಿದ್ದರೆ 1928ರಲ್ಲಿ ಮೈಸೂರಿನ ಕೆಲವು ವರ್ತಕರು, ಬೆಳೆಗಾರರು ಸೇರಿ ಏನು ಬರೆದುಕೊಡಬಹುದಿತ್ತು? ಈ ಪತ್ರ ನನ್ನ ಕಲ್ಪನೆ, ಅಂಕಿಗಳು ಅಂದಿನವು.

ಸಮಿತಿಯ ಅಧ್ಯಕ್ಷರಿಗೂ ಸದಸ್ಯರಿಗೂ ಮೈಸೂರು ಸೀಮೆಯ ವರ್ತಕರು, ಕಾಫಿ ಬೆಳೆಗಾರರು, ರೇಷ್ಮೆ ಕಸುಬಿನವರು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸಮುದ್ರ ಸುಂಕದಲ್ಲಿ ಮೈಸೂರಿನ ಪ್ರಜೆಗಳು ಕೊಟ್ಟ ಭಾಗ ಮೈಸೂರಿಗೆ ಹಿಂದಿರುಗಬೇಕು.

ದೊಡ್ಡ ಲೆಕ್ಕಕ್ಕೆ ಮೊದಲು ಒಂದು ಬೆಂಕಿಪೆಟ್ಟಿಗೆಯ ಲೆಕ್ಕ ನೋಡಿ. 1922ರಿಂದ ವಿದೇಶಿ ಬೆಂಕಿಪೆಟ್ಟಿಗೆಗೆ ಗ್ರೋಸಿಗೆ ಒಂದೂವರೆ ರೂಪಾಯಿ ಸುಂಕ. ಗ್ರೋಸೆಂದರೆ 144 ಪೆಟ್ಟಿಗೆ. ಅಲ್ಲಿಗೆ ಪೆಟ್ಟಿಗೆಯೊಂದಕ್ಕೆ ಸರಿಯಾಗಿ ಎರಡು ಪೈ. ಸುಂಕ ಕಟ್ಟಿದವನು ಮದರಾಸಿನ ಆಮದುದಾರ ಎಂದು ಕಸ್ಟಮ್ಸ್ ಕಚೇರಿಯ ಪುಸ್ತಕದಲ್ಲಿ ಬರೆದಿರುತ್ತದೆ. ಅವನು ಅದನ್ನು ಬೆಲೆಗೆ ಸೇರಿಸಿ ಬೆಂಗಳೂರಿನ ಸಗಟು ಅಂಗಡಿಗೆ ಹಾಕುತ್ತಾನೆ, ಸಗಟಿನವನು ತುಮಕೂರಿನ ಚಿಲ್ಲರೆಯವನಿಗೆ. ಕಡೆಗೆ ಆ ಎರಡು ಪೈ ಸಂತೆಗೆ ಬಂದ ಹೆಂಗಸಿನ ಸೆರಗಿನ ಗಂಟಿನಿಂದ ಬಿಚ್ಚಿಕೊಳ್ಳುತ್ತದೆ. ಸೀಮೆಎಣ್ಣೆ, ಸಕ್ಕರೆ, ಮಿಲ್ಲಿನ ಬಟ್ಟೆ, ಕಬ್ಬಿಣದ ಸಾಮಾನು, ಎಲ್ಲದರ ಕಥೆಯೂ ಇಷ್ಟೇ.

ಮೊದಲು ಈ ಭಾರ ಕಣ್ಣಿಗೆ ಬೀಳುತ್ತಿರಲಿಲ್ಲ. 1894ರಿಂದ ಸಾಮಾನ್ಯ ಆಮದು ಸುಂಕ ನೂರಕ್ಕೆ 5 ಇತ್ತು. ಯುದ್ಧದ ನಡುವೆ, 1916ರಲ್ಲಿ ಏಳೂವರೆ ಆಯಿತು. 1921ರಲ್ಲಿ 11, ಮರುವರ್ಷವೇ 15. ಯುದ್ಧಕ್ಕೆ ಮುಂಚೆ ವರ್ಷಕ್ಕೆ ಸುಮಾರು 11 ಕೋಟಿ ರೂಪಾಯಿ ತರುತ್ತಿದ್ದ ಸುಂಕ ಇಂದು 45 ಕೋಟಿ ದಾಟಿದೆ. ಅದರಲ್ಲಿ ನಮ್ಮ ಸಂಸ್ಥಾನದ ಖಜಾನೆಗೆ ಒಂದು ಕಾಸೂ ಇಲ್ಲ. ಈ ದರಗಳನ್ನು ನಿಶ್ಚಯಿಸುವ ದೆಹಲಿಯ ಶಾಸನಸಭೆಯಲ್ಲಿ ನಮ್ಮವರೆಂದು ಒಬ್ಬರೂ ಕೂತಿಲ್ಲ. ನಮ್ಮ ಪ್ರಜಾಪ್ರತಿನಿಧಿ ಸಭೆ 1881ರಿಂದ ನಡೆಯುತ್ತಿದ್ದರೂ ಸಮುದ್ರ ಸುಂಕ ಅದರ ಕೈಗೆ ಎಟಕುವ ವಿಷಯವಲ್ಲ.

2. ಸುಂಕ ಸೈನ್ಯಕ್ಕೆ, ಸೈನ್ಯ ನಿಮ್ಮ ರಕ್ಷಣೆಗೆ ಎಂಬ ಉತ್ತರವನ್ನು ಮೈಸೂರಿಗೆ ಕೊಡಬಾರದು.

ಆ ರಕ್ಷಣೆಯ ಹೆಸರಿನಲ್ಲೇ ಮೈಸೂರು ಬ್ರಿಟಿಷ್ ಸರ್ಕಾರಕ್ಕೆ ಪೊಗದಿ ಕಟ್ಟುತ್ತ ಬಂದಿದೆ. ಮೊದಲು ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ, 1896ರಿಂದ 35 ಲಕ್ಷ. ಹೆಚ್ಚಿಸಿದ್ದ ಹತ್ತೂವರೆ ಲಕ್ಷವನ್ನು ಈಗ ಬಿಟ್ಟುಕೊಟ್ಟಿದ್ದಾರೆ, ಸಂತೋಷ. ಆದರೂ ಒಂದೇ ಕಾವಲಿಗೆ ಎರಡು ಕಡೆಯಿಂದ ಕೂಲಿ ವಸೂಲಾಗುತ್ತಲೇ ಇದೆ. 1918ರಲ್ಲಿ ಹೈಫಾದ ಮೇಲೆ ಏರಿಹೋದ ಮೈಸೂರು ಲ್ಯಾನ್ಸರ್ಸ್ ದಳದ ಖರ್ಚು ಯಾರದೆಂದು ಸಮಿತಿಗೆ ನಾವು ನೆನಪಿಸಬೇಕಿಲ್ಲ.

3. ಮೈಸೂರಿಗೆ ಕಡಲಿನ ದಾರಿ ಬೇಕು. ಅದು ಸಿಗುವ ತನಕ ಬಂದರಿರುವ ಸಂಸ್ಥಾನಗಳಂತೆ ನಮ್ಮ ಜೊತೆಗೂ ಲಿಖಿತ ಒಪ್ಪಂದ ಬೇಕು.

ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳೊಂದಿಗೆ 1865ರಲ್ಲೇ ಒಪ್ಪಂದವಾಗಿ, ಸುಂಕದ ಕನಿಷ್ಠ ಆದಾಯದ ಭರವಸೆಯೂ ಅವಕ್ಕೆ ಸಿಕ್ಕಿದೆ. ನಮಗೆ ಕಡಲು ಇಲ್ಲದ್ದೇ ತಪ್ಪಾಯಿತು. ಭಟ್ಕಳದಲ್ಲಿ ಬಂದರು ಕಟ್ಟಿ ಅಲ್ಲಿಗೆ ರೈಲು ಇಳಿಸುವ ಯೋಚನೆಯನ್ನು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮುಂದಿಟ್ಟಿದ್ದರು. ಭಟ್ಕಳ ಬೊಂಬಾಯಿ ಆಧಿಪತ್ಯಕ್ಕೆ ಸೇರಿದ್ದು, ಕೆಲಸ ಕಾಗದದಲ್ಲೇ ಉಳಿದಿದೆ. ಬಂದರು ಇದ್ದವರೆಲ್ಲ ಸುಖವಾಗಿದ್ದಾರೆಂದೂ ಹೇಳುವಂತಿಲ್ಲವೆನ್ನಿ. ಕಾಠಿಯಾವಾಡದ ಬಂದರುಗಳಿಂದ ಬರುವ ಸರಕಿಗೆ ವೀರಮಗಾಮಿನಲ್ಲಿದ್ದ ಸುಂಕದ ಕಟ್ಟೆಯನ್ನು 1917ರಲ್ಲಿ ತೆಗೆದಿದ್ದರು, ಕಳೆದ ವರ್ಷ ಮತ್ತೆ ಎಬ್ಬಿಸಿದ್ದಾರೆ. ಅದಕ್ಕೇ ಬಾಯಿಮಾತು ಬೇಡ, ಬರವಣಿಗೆ ಬೇಕು ಎನ್ನುತ್ತಿದ್ದೇವೆ.

4. ರೂಪಾಯಿಯ ವಿನಿಮಯ ದರವನ್ನು 16 ಪೆನ್ಸಿಗೆ ಹಿಂತಿರುಗಿಸಬೇಕು.

ಚಿಕ್ಕಮಗಳೂರಿನ ಕಾಫಿ ಘಾಟಿ ಇಳಿದು, ಮಂಗಳೂರಿನ ಕಾರ್ಖಾನೆಗಳಲ್ಲಿ ಹಸನಾಗಿ ಹಡಗು ಹತ್ತುತ್ತದೆ. ಲಂಡನ್ನಿನಲ್ಲಿ ಅದಕ್ಕೆ ಪೌಂಡಿನಲ್ಲಿ ಬೆಲೆ. ಹಳೆಯ ದರದಲ್ಲಿ ಒಂದು ಪೌಂಡಿಗೆ 15 ರೂಪಾಯಿ ಕೈಗೆ ಬರುತ್ತಿತ್ತು. 1927ರ ಕಾಯಿದೆ ರೂಪಾಯಿಯನ್ನು 18 ಪೆನ್ಸಿಗೆ ಕಟ್ಟಿತು. ಈಗ ಅದೇ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ನೂರು ಪೌಂಡಿನ ಕಾಫಿ ಮಾರಿದವನಿಗೆ 166 ರೂಪಾಯಿಗೂ ಮೀರಿ ಖೋತಾ. ಆಳಿನ ಕೂಲಿ, ಗಾಡಿಬಾಡಿಗೆ, ಸಾಲದ ಬಡ್ಡಿ ಮಾತ್ರ ಹಳೆಯ ರೂಪಾಯಿಯಲ್ಲೇ ನಿಂತಿವೆ. ಸರ್ ಪುರುಷೋತ್ತಮದಾಸ್ ಠಾಕುರದಾಸ್ ಕರೆನ್ಸಿ ಆಯೋಗದೊಳಗೇ ಇದ್ದುಕೊಂಡು ಈ ದರಕ್ಕೆ ತಮ್ಮ ಭಿನ್ನಮತ ಬರೆದಿಟ್ಟಿದ್ದಾರೆ.

ಮುಚ್ಚಿಡುವುದೇಕೆ, ನಮ್ಮಲ್ಲೇ ವಿದೇಶಿ ಬಟ್ಟೆ ತರಿಸುವವರು ಈ ಕಲಮಿಗೆ ಸಹಿ ಹಾಕಲು ಹಿಂದೆಗೆದರು. 18 ಪೆನ್ಸಿನಲ್ಲಿ ಅವರಿಗೆ ಸರಕು ಅಗ್ಗ. ಅವರ ಹೆಸರು ಉಳಿದ ಕಲಮುಗಳ ಕೆಳಗಷ್ಟೇ ಇದೆ.

5. ಮೈಸೂರಿನ ರೇಷ್ಮೆಯ ಸ್ಥಿತಿಯನ್ನು ಟ್ಯಾರಿಫ್ ಬೋರ್ಡು ವಿಚಾರಿಸಬೇಕು.

ಚೀನಾ, ಜಪಾನಿನ ರೇಷ್ಮೆಯ ಎದುರು ನಮ್ಮ ನೂಲು ಬಿಚ್ಚುವ ಮನೆಗಳು ಸೋಲುತ್ತಿವೆ. ಉಕ್ಕಿಗೆ 1924ರಲ್ಲಿ ಸುಂಕದ ರಕ್ಷಣೆ ಸಿಕ್ಕಿದೆ. ಚನ್ನಪಟ್ಟಣದ ಚರಕದವರಿಗೆ ವಿಚಾರಣೆಯಾದರೂ ಸಿಗಲಿ.

6. ಹಿಂದಿರುಗಿ ಬರುವ ಹಣ ಅರಮನೆಯ ಲೆಕ್ಕಕ್ಕೆ ಹೋಗಬಾರದು.

ಸಮಿತಿಯ ಮುಂದೆ ನಿಂತಿರುವ ಅರಸರೂ ಸುಂಕದ ಪಾಲು ಕೇಳುತ್ತಿದ್ದಾರೆ. ಅವರ ಕೇಳಿಕೆ ನ್ಯಾಯವೇ, ಆದರೆ ಕೇಳುವ ಧಾಟಿ ನೋಡಿದರೆ ಸುಂಕ ತೆತ್ತವರು ತಾವೇ ಎಂಬಂತಿದೆ. ನಮ್ಮ ಮಹಾರಾಜರ ಮೇಲೆ ನಮಗೆ ದೂರಿಲ್ಲ. ಆದರೂ ಇಂದಿನ ಒಳ್ಳೆಯತನ ನಾಳಿನ ಕರಾರಾಗುವುದಿಲ್ಲ. ಎರಡು ಪೈ ಕೊಟ್ಟವಳು ಅರಸು ಮನೆತನದವಳಲ್ಲ. ಆದ್ದರಿಂದ ಈ ಹಣಕ್ಕೆ ಬೇರೆ ಲೆಕ್ಕ ತೆರೆಯಬೇಕು. ಕೆರೆ, ಶಾಲೆ, ಆಸ್ಪತ್ರೆಗೆ ಎಷ್ಟೆಷ್ಟೆಂದು ವರ್ಷವರ್ಷವೂ ಪ್ರಜಾಪ್ರತಿನಿಧಿ ಸಭೆಯಲ್ಲಿ ಓದಿಸಬೇಕು. ಸಭೆ ಒಪ್ಪದೆ ಅದರಲ್ಲಿ ಒಂದು ರೂಪಾಯಿಯೂ ಖರ್ಚಾಗಬಾರದು. ಮಿಕ್ಕ ಕಲಮುಗಳಲ್ಲಿ ಚೌಕಾಸಿಗೆ ಜಾಗವುಂಟು, ಇದರಲ್ಲಿ ಇಲ್ಲ.

7. ಸಮಿತಿ ಬಾಗಿಲು ಮುಚ್ಚಿಕೊಂಡು ಸಾಕ್ಷ್ಯ ಕೇಳುವುದನ್ನು ಬಿಡಬೇಕು. ನಮ್ಮಲ್ಲಿ ಇಬ್ಬರನ್ನು ಕರೆಸಿದರೆ ಸಾಕು, ಪ್ರಯಾಣದ ಖರ್ಚು ನಾವೇ ಹಾಕಿಕೊಳ್ಳುತ್ತೇವೆ.